ಮಿನ್ನೆಸೋಟದ ಒಂಬತ್ತನೇ ಕಾಂಗ್ರೆಸ್ ಕ್ಷೇತ್ರ (1903–1963): ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮಿನ್ನೆಸೋಟ ರಾಜ್ಯದ ವಾಯವ್ಯ ಮೂಲೆಯಲ್ಲಿದ್ದ ಒಂದು ರೈತಾಪಿ ಕ್ಷೇತ್ರ ಅರವತ್ತು ವರ್ಷ ಬಾಳಿ 1963ರ ಆರಂಭದಲ್ಲಿ ಇಲ್ಲವಾಯಿತು. ಅದರ ಬಗ್ಗೆ ಕೇಳುವವರಲ್ಲಿ ಹೆಚ್ಚಿನವರು 1958ರ ಒಂದು ಪತ್ರದ ಕಥೆಯಿಂದಲೇ ಮಾತು ತೆಗೆಯುತ್ತಾರೆ: ಆಗಿನ ಸದಸ್ಯೆ ಕೋಯಾ ಕ್ನೂಟ್ಸನ್ ರಾಜಕೀಯ ಬಿಟ್ಟು ಮನೆಗೆ ಬರಲಿ ಎಂದು ಗಂಡನ ಸಹಿಯಲ್ಲಿ ಬಂದ ಪತ್ರ. ಆ ಪತ್ರ ಬರುವ ಹೊತ್ತಿಗೆ ಕ್ಷೇತ್ರಕ್ಕೆ ಐವತ್ತೈದು ವರ್ಷವಾಗಿತ್ತು; ಅಷ್ಟು ವರ್ಷಗಳ ಗೋಧಿ, ರೈಲು, ಸಾಲ ಮತ್ತು ಪಕ್ಷಾಂತರದ ಕಥೆಯನ್ನು ಬಿಟ್ಟರೆ ಪತ್ರವೂ ಬರಿಯ ಗಾಳಿಸುದ್ದಿಯಂತೆ ಕಾಣುತ್ತದೆ. ಮಾತುಕತೆಗಳಲ್ಲೂ ಓಲೆಗಳಲ್ಲೂ ಮರಳಿ ಮರಳಿ ಬರುವ ಪ್ರಶ್ನೆಗಳನ್ನು, ಕೇಳಿದವರ ಧಾಟಿಯಲ್ಲೇ ಇಟ್ಟುಕೊಂಡು, ಸರಳವಾದವುಗಳಿಂದ ತೊಡಗಿ ಇಲ್ಲಿ ಜೋಡಿಸಿದ್ದೇನೆ.

## ಮೊದಲ ತಿಳಿವಳಿಕೆಗೆ

“ಕಾಂಗ್ರೆಸ್ ಕ್ಷೇತ್ರ” ಅಂದರೆ ಕಾಂಗ್ರೆಸ್ ಪಕ್ಷ ಗೆಲ್ಲುತ್ತಿದ್ದ ಕ್ಷೇತ್ರ ಅಂತಲೇ?

ಅಲ್ಲ. ನಮ್ಮಲ್ಲಿ ಈ ಗೊಂದಲ ಸಹಜ. ಅಮೆರಿಕದಲ್ಲಿ ಸಂಸತ್ತಿಗೇ ಕಾಂಗ್ರೆಸ್ ಎಂದು ಹೆಸರು. ಸೆನೆಟ್ ಅದರ ಮೇಲ್ಮನೆ, ಪ್ರತಿನಿಧಿ ಸಭೆ ಅದರ ಕೆಳಮನೆ. ಕೆಳಮನೆಗೆ ಒಬ್ಬೊಬ್ಬ ಸದಸ್ಯರನ್ನು ಆರಿಸಿ ಕಳಿಸುವ ಭೂಭಾಗವೇ ಕಾಂಗ್ರೆಸ್ ಕ್ಷೇತ್ರ, ಅಂದರೆ ನಮ್ಮ ಲೋಕಸಭಾ ಕ್ಷೇತ್ರದ ಜಾಗದಲ್ಲಿ ನಿಲ್ಲುವಂಥದ್ದು. ಕ್ಷೇತ್ರಗಳಿಗೆ ಊರಿನ ಹೆಸರಿಡದೆ ರಾಜ್ಯವಾರು ಸಂಖ್ಯೆ ಕೊಡುತ್ತಾರೆ. ಚುನಾವಣೆ ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ನವೆಂಬರಿನಲ್ಲಿ ನಡೆಯುತ್ತದೆ. ಗೆದ್ದವರು ಮುಂದಿನ ಜನವರಿಯಲ್ಲಿ ಅಧಿಕಾರ ವಹಿಸುತ್ತಾರೆ. 1930ರ ದಶಕದ ತನಕ ಮಾರ್ಚಿನಲ್ಲಿ ವಹಿಸುತ್ತಿದ್ದರು. 1902ರ ಚುನಾವಣೆಯಿಂದ ಹುಟ್ಟಿದ ಕ್ಷೇತ್ರವನ್ನು 1903ರದು ಎಂದು ಬರೆಯುವುದು ಈ ಕಾರಣಕ್ಕೆ.

ಅದು ಮಿನ್ನೆಸೋಟದ ಯಾವ ಕಡೆ? ಅಲ್ಲಿ ಏನು ಬೆಳೆಯುತ್ತಾರೆ?

ಪಶ್ಚಿಮಕ್ಕೆ ರೆಡ್ ನದಿ ಮತ್ತು ಅದರಾಚೆ ನಾರ್ತ್ ಡಕೋಟ, ಉತ್ತರಕ್ಕೆ ಕೆನಡಾ. ಈ ಎರಡು ಗಡಿಗಳು ಕೂಡುವ ಮೂಲೆಯಲ್ಲಿ ಕ್ಷೇತ್ರವಿತ್ತು. ಪೋಕ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಕ್ರೂಕ್ಸ್‌ಟನ್, ಕ್ಲೇ ಕೌಂಟಿಯ ಮೂರ್‌ಹೆಡ್, ಥೀಫ್ ರಿವರ್ ಫಾಲ್ಸ್, ಗಡಿಯ ಹತ್ತಿರದ ರೋಜೋ, ಇವೇ ಅಲ್ಲಿಯ ಪೇಟೆಗಳು. ಮಹಾನಗರ ಒಂದೂ ಇರಲಿಲ್ಲ.

ಹಿಮಯುಗದ ಕೊನೆಯಲ್ಲಿ ಇಲ್ಲಿ ಅಗಸಿ ಎಂಬ ವಿಶಾಲ ಸರೋವರ ನಿಂತಿತ್ತು. ಅದು ಬತ್ತಿದಾಗ ಉಳಿದ ತಳವೇ ಇವತ್ತಿನ ಹೊಲ: ಅಂಗೈಯಂತೆ ಸಮತಟ್ಟು, ಕಲ್ಲಿಲ್ಲದ ಕಪ್ಪು ಮಣ್ಣು. ನೋಡಲು ನಮ್ಮ ಎರೆಭೂಮಿಯಂತಿದ್ದರೂ ಎರೆ ಬಸಾಲ್ಟ್ ಬಂಡೆ ಸವೆದು ಆದದ್ದು, ಇದು ನೀರಿನಡಿ ಕೂತ ಹೂಳು. ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುವುದರಿಂದ ವಸಂತದಲ್ಲಿ ಮೇಲ್ಭಾಗದ ಹಿಮ ಮೊದಲು ಕರಗುತ್ತದೆ. ಕೆಳಭಾಗ ಆಗಲೂ ಹೆಪ್ಪುಗಟ್ಟಿಯೇ ಇರುತ್ತದೆ, ನೀರು ಮುಂದೆ ಹೋಗಲಾರದೆ ಹೊಲಗಳ ಮೇಲೆ ಹರಡುತ್ತದೆ. ವಸಂತದಲ್ಲಿ ಬಿತ್ತಿ ಬೇಸಿಗೆಯ ಕೊನೆಗೆ ಕೊಯ್ಯುವ ಗೋಧಿ, ಬಾರ್ಲಿ, ಆಲೂಗಡ್ಡೆ ಮತ್ತು ಸಕ್ಕರೆ ತೆಗೆಯುವ ಬೀಟ್ ಗೆಡ್ಡೆ ಇಲ್ಲಿಯ ಮುಖ್ಯ ಬೆಳೆಗಳು. ಪೂರ್ವಕ್ಕೆ ಸರಿದಂತೆ ಜೌಗು ಮತ್ತು ಕಾಡು ಶುರುವಾಗಿ ಒಕ್ಕಲುತನ ತೆಳುವಾಗುತ್ತದೆ. ಒಂದೇ ಕ್ಷೇತ್ರದೊಳಗೆ ಬಯಲಿನ ಅನುಕೂಲಸ್ಥ ರೈತನೂ ಜೌಗಿನಂಚಿನ ಬಡ ರೈತನೂ ಇದ್ದರು ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ಫಲಿತಾಂಶಗಳು ಅಷ್ಟು ವಿಚಿತ್ರವೆನಿಸುವುದಿಲ್ಲ.

ಅರವತ್ತು ವರ್ಷದಲ್ಲಿ ಎಷ್ಟು ಜನ ಗೆದ್ದರು? ಯಾವ ಪಕ್ಷದ ಕೋಟೆ ಅದು?

ಏಳೇ ಜನ. ಕ್ರೂಕ್ಸ್‌ಟನ್ನಿನ ವಕೀಲ, ರಿಪಬ್ಲಿಕನ್ ಹಾಲ್ವರ್ ಸ್ಟೀನರ್ಸನ್ 1903ರಿಂದ 1923ರವರೆಗೆ ಇಪ್ಪತ್ತು ವರ್ಷ ಕೂತರು. ಅವರನ್ನು ಸೋಲಿಸಿದ್ದು ನಾರ್ವೆಯಲ್ಲಿ ಹುಟ್ಟಿ ಹಾಲಿ ಎಂಬ ಊರಿನಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ, ರೈತ-ಕಾರ್ಮಿಕ ಪಕ್ಷದ ಕ್ನೂಡ್ ವೆಫಾಲ್ಡ್. ನಾಲ್ಕು ವರ್ಷದ ನಂತರ, ಕ್ರೂಕ್ಸ್‌ಟನ್ನಿನ ಕೃಷಿ ಶಾಲೆಯನ್ನು ನಡೆಸುತ್ತಿದ್ದ ರಿಪಬ್ಲಿಕನ್ ಕಾನ್ರಾಡ್ ಸೆಲ್ವಿಗ್ ಬಂದು 1933ರವರೆಗೆ ಇದ್ದರು. 1935ರಿಂದ 1943ರವರೆಗೆ ಮತ್ತೆ ರೈತ-ಕಾರ್ಮಿಕ ಪಕ್ಷ, ಈ ಸಲ ರಿಚರ್ಡ್ ಬಕ್ಲರ್ ಎಂಬ ರೈತರ ರೂಪದಲ್ಲಿ. ಅವರ ನಂತರ ಹೆರಾಲ್ಡ್ ಹೇಗನ್ ಹನ್ನೆರಡು ವರ್ಷ, ಕೋಯಾ ಕ್ನೂಟ್ಸನ್ ನಾಲ್ಕು ವರ್ಷ, ಕೊನೆಗೆ ಓಡಿನ್ ಲಾಂಗನ್ ನಾಲ್ಕು ವರ್ಷ.

ಯಾರ ಕೋಟೆ ಎಂದು ಕೇಳಿದರೆ, ಯಾರದೂ ಅಲ್ಲ ಎಂಬುದೇ ನನ್ನ ಉತ್ತರ. ಗೋಧಿಯ ಬೆಲೆ ಬಿದ್ದಾಗ ಹಾಲಿ ಸದಸ್ಯರ ಕುರ್ಚಿಯೂ ಅಲುಗಾಡುತ್ತಿತ್ತು.

ಹೆಸರುಗಳೆಲ್ಲ ಒಂದೇ ಥರ ಕೇಳಿಸುತ್ತವಲ್ಲ, ಎಲ್ಲರೂ ನೆಂಟರೇ?

ನೆಂಟರಲ್ಲ, ಹೆಚ್ಚಿನವರು ನಾರ್ವೆ ಮೂಲದವರು. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ರೈಲು ಹಳಿ ಬಂದಂತೆ ನಾರ್ವೆ ಮತ್ತು ಸ್ವೀಡನ್ನಿನ ರೈತರು ಈ ಕಣಿವೆಗೆ ಬಂದು ನೆಲೆಸಿದರು. 1891ರಲ್ಲಿ ಮೂರ್‌ಹೆಡ್‌ನಲ್ಲಿ ಕಾನ್‌ಕಾರ್ಡಿಯ ಕಾಲೇಜನ್ನು ಕಟ್ಟಿದ್ದೂ ನಾರ್ವೆ ಮೂಲದ ಲುಥೆರನ್ ಕ್ರೈಸ್ತರೇ. ಕ್ನೂಟ್ಸನ್, ಕ್ನೂಡ್ ಎಂಬ ಹೆಸರುಗಳ ಮೊದಲ ಅಕ್ಷರವನ್ನು ಇಂಗ್ಲಿಷಿನವರು ನುಂಗಿದರೂ ಅಲ್ಲಿಯವರು ಪೂರ್ತಿ ಉಚ್ಚರಿಸುತ್ತಾರೆ. ಕನ್ನಡದಲ್ಲಿ ಬರೆಯುವಾಗ ಇದೊಂದು ಅನುಕೂಲ.

## ನೆಲ, ಧಾನ್ಯ, ಪಕ್ಷ

ಈ ಹೊಲಗಳು ಮೊದಲು ಯಾರವು?

ಒಜಿಬ್ವೆ ಜನರವು. ಈ ಪ್ರಶ್ನೆಗೂ ಕ್ಷೇತ್ರದ ಚರಿತ್ರೆಗೂ ನೇರ ಸಂಬಂಧವಿದೆ, ಏಕೆಂದರೆ ಒಂದು ಮುಖ್ಯ ಕಾಯ್ದೆಗೆ ಕ್ಷೇತ್ರದ ಮೊದಲ ಸದಸ್ಯರ ಹೆಸರೇ ಅಂಟಿಕೊಂಡಿದೆ. 1867ರ ಒಪ್ಪಂದದಿಂದ ವೈಟ್ ಅರ್ತ್ ಎಂಬ ಮೀಸಲು ಪ್ರದೇಶ ಆಗಿತ್ತು. 1904ರ ಸ್ಟೀನರ್ಸನ್ ಕಾಯ್ದೆ ಅಲ್ಲಿಯ ಪ್ರತಿಯೊಬ್ಬ ಒಜಿಬ್ವೆಗೆ ಬರಬೇಕಾದ ಹಿಡುವಳಿಯನ್ನು 160 ಎಕರೆಗೆ ಏರಿಸಿತು. ಮೇಲ್ನೋಟಕ್ಕೆ ಉದಾರವಾಗಿ ಕಾಣುವ ಈ ಕ್ರಮ ಸಮುದಾಯದ ಒಟ್ಟು ನೆಲವನ್ನು ಒಬ್ಬೊಬ್ಬರ ಪಟ್ಟಾ ಮಾಡಿತು. ಎರಡೇ ವರ್ಷದಲ್ಲಿ, 1906ರಲ್ಲಿ, ಅದೇ ರಾಜ್ಯದ ಸೆನೆಟರ್ ಮೋಸಸ್ ಕ್ಲ್ಯಾಪ್ ಸೇರಿಸಿದ ತಿದ್ದುಪಡಿ “ಮಿಶ್ರ ರಕ್ತದ” ವಯಸ್ಕರು ತಮ್ಮ ಪಾಲನ್ನು ಮಾರಲು ಇದ್ದ ತಡೆಯನ್ನು ತೆಗೆದುಹಾಕಿತು. ಕಾಗದ ಓದಲು ಬಾರದವರ ಕೈಯಿಂದಲೂ ಸಹಿ ಹಾಕಿಸಿಕೊಂಡರು, ಮರದ ಕಂಪನಿಗಳೂ ಭೂವ್ಯಾಪಾರಿಗಳೂ ಮುಗಿಬಿದ್ದರು, ಕೆಲವೇ ವರ್ಷಗಳಲ್ಲಿ ಮೀಸಲಿನ ಬಹುಪಾಲು ನೆಲ ಕೈತಪ್ಪಿತು. ಆ ವ್ಯಾಜ್ಯಗಳನ್ನು ಇತ್ಯರ್ಥ ಮಾಡಲು 1980ರ ದಶಕದಲ್ಲಿ ಕಾಂಗ್ರೆಸ್ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು.

1904ರಲ್ಲೇ ರೆಡ್ ಲೇಕ್ ಒಜಿಬ್ವೆಗಳಿಂದ 2,56,152 ಎಕರೆಯನ್ನು ಬಿಡಿಸಿಕೊಂಡದ್ದೂ ಆಯಿತು. ಆದರೆ ಅವರು ಹಿಡುವಳಿ ಹಂಚಿಕೆಗೆ ಒಪ್ಪದೆ ಉಳಿದ ನೆಲವನ್ನು ಇಂದಿಗೂ ಸಮುದಾಯದ ಆಸ್ತಿಯಾಗಿಯೇ ಇಟ್ಟುಕೊಂಡಿದ್ದಾರೆ. ರೈತರ ಹೋರಾಟದ ಕ್ಷೇತ್ರ ಎಂದು ಇದನ್ನು ಹೊಗಳುವ ಬರಹಗಳು ಈ ಪುಟವನ್ನು ಬೇಗ ಮಗುಚುತ್ತವೆ, ಅದು ಸರಿಯಲ್ಲ.

ಅಮೆರಿಕದಲ್ಲಿ “ರೈತ-ಕಾರ್ಮಿಕ ಪಕ್ಷ” ಎಂಬುದೊಂದು ನಿಜವಾಗಿ ಇತ್ತೇ?

ಇತ್ತು, ಮತ್ತು ಮಿನ್ನೆಸೋಟದಲ್ಲಿ ಅದು ರಾಜ್ಯಪಾಲರನ್ನೂ ಸೆನೆಟರುಗಳನ್ನೂ ಗೆಲ್ಲಿಸಿತು. (ಅಲ್ಲಿಯ ರಾಜ್ಯಪಾಲರು ಜನರಿಂದ ನೇರವಾಗಿ ಆರಿಸಿ ಬಂದವರು, ನಮ್ಮ ಮುಖ್ಯಮಂತ್ರಿಯಂಥ ಅಧಿಕಾರವುಳ್ಳವರು, ರಾಜಭವನದ ರಾಜ್ಯಪಾಲರೊಂದಿಗೆ ಬೆರೆಸಬಾರದು.) ಅದರ ಬೇರು ಇರುವುದು ಧಾನ್ಯದ ತೂಕದ ಮನೆಯಲ್ಲಿ.

ಒಬ್ಬ ರೈತ ಗಾಡಿ ತುಂಬ ಗೋಧಿ ಹೇರಿಕೊಂಡು ರೈಲು ನಿಲ್ದಾಣದ ಪಕ್ಕದ ಎತ್ತರದ ಧಾನ್ಯಗೋದಾಮಿಗೆ ಬರುತ್ತಾನೆ. ಗೋದಾಮಿನವನು ಬೊಗಸೆಯಲ್ಲಿ ಕಾಳು ಹಿಡಿದು ನೋಡಿ ದರ್ಜೆ ಹೇಳುತ್ತಾನೆ, ಕಸ-ಕಡ್ಡಿಯ ಲೆಕ್ಕದಲ್ಲಿ ಇಷ್ಟು ತೂಕ ಕಳೆಯುತ್ತಾನೆ, ಚೀಟಿ ಬರೆಯುತ್ತಾನೆ. ಹತ್ತಿರದಲ್ಲಿ ಬೇರೆ ಗೋದಾಮಿಲ್ಲ. ಇದ್ದರೂ ಅದೇ ದರ. ಅದೇ ಗೋಧಿ ಮಿನಿಯಾಪೊಲಿಸ್ ತಲುಪಿದಾಗ ಮೇಲಿನ ದರ್ಜೆಗೆ ಮಾರಾಟವಾಗುತ್ತದೆ, ಮತ್ತು ಅಲ್ಲಿಗೆ ಒಯ್ಯುವ ರೈಲಿನ ಬಾಡಿಗೆಯನ್ನೂ ರೈತನ ಬೆಲೆಯಿಂದಲೇ ಮುರಿದುಕೊಂಡಿರುತ್ತಾರೆ. ಎಪಿಎಂಸಿ ಯಾರ್ಡಿನಲ್ಲಿ ಸೂಟು, ಕಡತ ಎಂದು ಮುರಿಸಿಕೊಂಡವರಿಗೆ ಈ ಸಿಟ್ಟನ್ನು ವಿವರಿಸಬೇಕಿಲ್ಲ.

1915ರಲ್ಲಿ ನದಿಯಾಚೆ, ನಾರ್ತ್ ಡಕೋಟದಲ್ಲಿ, ಎ. ಸಿ. ಟೌನ್‌ಲಿ ಎಂಬವರು ನಾನ್‌ಪಾರ್ಟಿಸನ್ ಲೀಗ್ ಕಟ್ಟಿದರು. ಸರ್ಕಾರವೇ ಧಾನ್ಯಗೋದಾಮು, ಹಿಟ್ಟಿನ ಗಿರಣಿ ಮತ್ತು ಬ್ಯಾಂಕು ನಡೆಸಬೇಕು ಎಂಬುದು ಅದರ ಬೇಡಿಕೆ. ಅದು ಬೇಗನೆ ನದಿ ದಾಟಿ ಮಿನ್ನೆಸೋಟಕ್ಕೆ ಬಂದು, ನಗರದ ಕಾರ್ಮಿಕ ಸಂಘಗಳ ಜೊತೆ ಸೇರಿ ರೈತ-ಕಾರ್ಮಿಕ ಪಕ್ಷವಾಯಿತು. ಮೊದಲನೇ ಮಹಾಯುದ್ಧದ ನಂತರ ಗೋಧಿಯ ಬೆಲೆ ಕುಸಿದದ್ದು 1920ರ ದಶಕದ ಆರಂಭದಲ್ಲಿ. ಇಪ್ಪತ್ತು ವರ್ಷ ಅಲುಗದ ಸ್ಟೀನರ್ಸನ್ 1922ರಲ್ಲಿ ಸೋತದ್ದು ಆ ಕುಸಿತದ ಹಿಂದೆಯೇ.

ಹೇಗನ್ ಒಮ್ಮೆ ರೈತ-ಕಾರ್ಮಿಕ ಪಕ್ಷದಿಂದ, ಇನ್ನೊಮ್ಮೆ ರಿಪಬ್ಲಿಕನ್ ಪಕ್ಷದಿಂದ ಗೆದ್ದರಂತಲ್ಲ, ಪಕ್ಷಾಂತರವೇ?

ಪಕ್ಷಾಂತರವೇ, ಆದರೆ ಅವರ ಪಕ್ಷವೂ ಆಗ ಕಾಲಡಿಯಿಂದ ಸರಿಯುತ್ತಿತ್ತು. ಹೇಗನ್ ಮೊದಲು ಬಕ್ಲರ್ ಅವರ ಕಾರ್ಯದರ್ಶಿಯಾಗಿದ್ದು, 1942ರಲ್ಲಿ ಅದೇ ಸ್ಥಾನಕ್ಕೆ ರೈತ-ಕಾರ್ಮಿಕ ಪಕ್ಷದಿಂದ ಆರಿಸಿ ಬಂದವರು. 1944ರ ಏಪ್ರಿಲ್‌ನಲ್ಲಿ ಆ ಪಕ್ಷ ಡೆಮಾಕ್ರಟಿಕ್ ಪಕ್ಷದೊಂದಿಗೆ ವಿಲೀನವಾಗಿ ಡೆಮಾಕ್ರಟಿಕ್-ಫಾರ್ಮರ್-ಲೇಬರ್ ಪಕ್ಷವಾಯಿತು. ಮಿನ್ನೆಸೋಟದ ಡೆಮಾಕ್ರಟರಿಗೆ ಇಂದಿಗೂ ಅದೇ ಹೆಸರು, ಸಂಕ್ಷೇಪದಲ್ಲಿ ಡಿಎಫ್ಎಲ್. ಈ ಭಾಗದ ಎಷ್ಟೋ ನಾರ್ವೆ ಮೂಲದ ರೈತರಿಗೆ ಡೆಮಾಕ್ರಟಿಕ್ ಎಂಬ ಹೆಸರೇ ಪರಕೀಯವಾಗಿತ್ತು. ಹೇಗನ್ ಅದೇ ವರ್ಷ ರಿಪಬ್ಲಿಕನ್ ಆಗಿ ನಿಂತು ಗೆದ್ದರು, ಹಾಗೆಯೇ ಇನ್ನೂ ಒಂದು ದಶಕ ಗೆಲ್ಲುತ್ತ ಹೋದರು.

1932ರ ಚುನಾವಣೆಯ ಪಟ್ಟಿಯಲ್ಲಿ ಈ ಕ್ಷೇತ್ರವೇ ಕಾಣುವುದಿಲ್ಲ. ಮುದ್ರಣದೋಷವೇ?

ದೋಷವಲ್ಲ. ಆ ವರ್ಷ ಮಿನ್ನೆಸೋಟದಲ್ಲಿ ಯಾವ ಕ್ಷೇತ್ರವೂ ಇರಲಿಲ್ಲ.

1930ರ ಜನಗಣತಿಯಿಂದ ರಾಜ್ಯದ ಸ್ಥಾನಗಳು ಹತ್ತರಿಂದ ಒಂಬತ್ತಕ್ಕೆ ಇಳಿದವು. 1931ರಲ್ಲಿ ಶಾಸನಸಭೆ ಹೊಸ ಗಡಿಗಳ ಮಸೂದೆ ಮಾಡಿತು. ರೈತ-ಕಾರ್ಮಿಕ ಪಕ್ಷದ ರಾಜ್ಯಪಾಲ ಫ್ಲಾಯ್ಡ್ ಓಲ್ಸನ್ ಅದಕ್ಕೆ ಅಂಕಿತ ಹಾಕಲಿಲ್ಲ. ಸಂವಿಧಾನ ಈ ಅಧಿಕಾರವನ್ನು ಶಾಸನಸಭೆಗೆ ಮಾತ್ರ ಕೊಟ್ಟಿದೆ, ಅಂಕಿತ ಬೇಕಿಲ್ಲ ಎಂದು ಸದಸ್ಯರು ವಾದಿಸಿದರು. ಸ್ಮೈಲಿ ಎಂಬ ಮತದಾರರು ರಾಜ್ಯ ಕಾರ್ಯದರ್ಶಿ ಮೈಕ್ ಹೋಮ್ ಅವರ ಮೇಲೆ ದಾವೆ ಹೂಡಿದರು. ರಾಜ್ಯದ ಸರ್ವೋಚ್ಚ ನ್ಯಾಯಾಲಯ ಶಾಸನಸಭೆಯ ಪರ ನಿಂತಿತು. ದೇಶದ ಸುಪ್ರೀಂ ಕೋರ್ಟ್ 1932ರ ಏಪ್ರಿಲ್‌ನಲ್ಲಿ ಆ ತೀರ್ಪನ್ನು ತಿರುವಿಹಾಕಿತು: ಗಡಿ ಎಳೆಯುವುದೂ ಕಾನೂನು ಮಾಡುವ ಕೆಲಸ, ಆದ್ದರಿಂದ ರಾಜ್ಯಪಾಲರ ತಡೆಯೂ ಅದಕ್ಕೆ ಅನ್ವಯಿಸುತ್ತದೆ.

ಹಳೆಯ ಹತ್ತು ಕ್ಷೇತ್ರಗಳು ಹೋದವು, ಹೊಸ ಒಂಬತ್ತು ಬರಲಿಲ್ಲ. ಹಾಗಾಗಿ ಒಂಬತ್ತೂ ಸದಸ್ಯರನ್ನು ಇಡೀ ರಾಜ್ಯದ ಮತದಾರರು ಒಟ್ಟಿಗೆ ಆರಿಸಿದರು. ರೈತ-ಕಾರ್ಮಿಕ ಪಕ್ಷಕ್ಕೆ ಐದು, ರಿಪಬ್ಲಿಕನ್ನರಿಗೆ ಮೂರು, ಡೆಮಾಕ್ರಟರಿಗೆ ಒಂದು. ತನ್ನ ಮೂಲೆಯಲ್ಲಿ ಮಾತ್ರ ಹೆಸರಿದ್ದ ಸೆಲ್ವಿಗ್ ರಾಜ್ಯವ್ಯಾಪಿ ಸ್ಪರ್ಧೆಯಲ್ಲಿ ಸೋತರು. ಎರಡು ವರ್ಷದ ನಂತರ ಕ್ಷೇತ್ರಗಳು ಮರಳಿದವು. ಆ ತೀರ್ಪಿಗೆ ಇಂದಿಗೂ ಜೀವವಿದೆ: 2015ರಲ್ಲಿ ಅರಿಜೋನ ರಾಜ್ಯದ ಪ್ರಕರಣದಲ್ಲೂ 2023ರ ಮೂರ್ ವಿರುದ್ಧ ಹಾರ್ಪರ್ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಅದನ್ನೇ ಆಧಾರವಾಗಿ ಹಿಡಿಯಿತು.

## ಕೋಯಾ ಕ್ನೂಟ್ಸನ್

ಕೋಯಾ ಯಾರು? ಪಕ್ಷದ ಬೆಂಬಲವಿಲ್ಲದೆ ಹೇಗೆ ಗೆದ್ದರು?

1912ರಲ್ಲಿ ನಾರ್ತ್ ಡಕೋಟದ ಎಡ್‌ಮೋರ್ ಎಂಬಲ್ಲಿ, ನಾರ್ವೆಯಿಂದ ಬಂದ ರೈತ ದಂಪತಿಯ ಮಗಳಾಗಿ ಹುಟ್ಟಿದ ಕಾರ್ನೀಲಿಯ ಯೆಸ್‌ಡಾಲ್ ಅವರೇ ಕೋಯಾ. ತಂದೆ ನಾನ್‌ಪಾರ್ಟಿಸನ್ ಲೀಗಿನವರು. ಕಾನ್‌ಕಾರ್ಡಿಯ ಕಾಲೇಜಿನಲ್ಲಿ 1934ರಲ್ಲಿ ಪದವಿ ಪಡೆದು, ಗಾಯಕಿಯಾಗುವ ಆಸೆಯಿಂದ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಗೂ ಹೋಗಿ, ಅದು ಕೈಗೂಡದೆ ಮರಳಿ ಶಾಲಾ ಶಿಕ್ಷಕಿಯಾದರು. 1940ರಲ್ಲಿ ಆಂಡಿ ಕ್ನೂಟ್ಸನ್ ಅವರನ್ನು ಮದುವೆಯಾಗಿ, ರೆಡ್ ಲೇಕ್ ಕೌಂಟಿಯ ಓಕ್ಲಿ ಎಂಬ ಸಣ್ಣ ಊರಿನಲ್ಲಿ ಗಂಡನೊಂದಿಗೆ ಹೋಟೆಲು ನಡೆಸಿದರು. 1950ರಲ್ಲಿ ರಾಜ್ಯದ ಶಾಸನಸಭೆಗೆ ಬಂದರು.

1954ರಲ್ಲಿ ಡಿಎಫ್ಎಲ್ ಬೇರೊಬ್ಬರನ್ನು ಅಧಿಕೃತ ಅಭ್ಯರ್ಥಿ ಎಂದು ಆರಿಸಿತ್ತು. ಅಮೆರಿಕದಲ್ಲಿ ಪಕ್ಷದ ಟಿಕೆಟನ್ನು ಕೊನೆಗೆ ತೀರ್ಮಾನಿಸುವುದು ಹೈಕಮಾಂಡ್ ಅಲ್ಲ. ಪ್ರೈಮರಿ ಎಂಬ ಒಳಚುನಾವಣೆಯಲ್ಲಿ ಮತದಾರರೇ. ಕೋಯಾ ಪಕ್ಷದ ಮಾತು ಮೀರಿ ಪ್ರೈಮರಿಗೆ ನಿಂತರು, ಕಾರಿನಲ್ಲಿ ಊರೂರು ಸುತ್ತಿದರು, ಅಕಾರ್ಡಿಯನ್ ನುಡಿಸಿ ಹಾಡಿ ಜನ ಸೇರಿಸಿದರು, ಗೆದ್ದರು.

ಆದರೆ ನವೆಂಬರಿನ ಗೆಲುವು ಅಕಾರ್ಡಿಯನ್ನಿನಿಂದ ಬಂದದ್ದಲ್ಲ. ಅಧ್ಯಕ್ಷ ಐಸೆನ್‌ಹೋವರ್ ಸರ್ಕಾರದ ಕೃಷಿ ಕಾರ್ಯದರ್ಶಿ (ನಮ್ಮ ಕೃಷಿ ಮಂತ್ರಿಯ ಜಾಗದವರು) ಎಜ್ರಾ ಟಾಫ್ಟ್ ಬೆನ್ಸನ್ ಆ ವರ್ಷ ಬೆಂಬಲ ಬೆಲೆಯ ಪದ್ಧತಿಯನ್ನೇ ಬದಲಿಸಲು ಹೊರಟಿದ್ದರು. 1910–14ರಲ್ಲಿ ಬೆಳೆ ಮಾರಿದ ಹಣಕ್ಕೆ ಎಷ್ಟು ಸರಕು ಬರುತ್ತಿತ್ತೋ ಅದನ್ನು ಆಧಾರವಾಗಿಟ್ಟು, ಅದರ ಶೇ. 90ರಷ್ಟು ಬೆಲೆಯನ್ನು ಸರ್ಕಾರ ಖಾತರಿ ಮಾಡುವ ಕ್ರಮವಿತ್ತು. 1954ರ ಕೃಷಿ ಕಾಯ್ದೆ ಆ ಮಟ್ಟವನ್ನು ಏರಿಳಿಸಲು ದಾರಿ ಮಾಡಿತು. ರೈತರ ಕಿವಿಗೆ “ಏರಿಳಿತ” ಎಂಬುದು “ಇಳಿತ” ಎಂದೇ ಕೇಳಿಸಿತು, ಮತ್ತು ಹೇಗನ್ ಬೆನ್ಸನ್ನರ ಪಕ್ಷದವರಾಗಿದ್ದರು. ಕೋಯಾ 2,335 ಮತಗಳಿಂದ ಗೆದ್ದು, ಮಿನ್ನೆಸೋಟದಿಂದ ಕಾಂಗ್ರೆಸ್ಸಿಗೆ ಹೋದ ಮೊದಲ ಮಹಿಳೆಯಾದರು.

ವಾಷಿಂಗ್ಟನ್ನಿನಲ್ಲಿ ಅವರು ಮಾಡಿದ್ದೇನು?

ಕೆಳಮನೆಯ ಕೃಷಿ ಸಮಿತಿಗೆ ಸೇರಿದ ಮೊದಲ ಮಹಿಳೆ ಅವರು. ಅಲ್ಲಿ ಸಣ್ಣ ಹಿಡುವಳಿಗಳ ಪರ ಮಾತಾಡಿದರು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಮಕ್ಕಳ ಶ್ವಾಸಕೋಶದ ಕಾಯಿಲೆಯ ಸಂಶೋಧನೆಗೆ ಕೇಂದ್ರದ ಹಣ ಸಿಗುವಂತೆಯೂ ದುಡಿದರು. ಆದರೆ ದೂರದವರಿಗೂ ಮುಟ್ಟಿದ ಕೆಲಸ ವಿದ್ಯಾರ್ಥಿ ಸಾಲ. ಶಿಕ್ಷಕಿಯಾಗಿದ್ದ ಅವರಿಗೆ ಹಣವಿಲ್ಲದೆ ಕಾಲೇಜು ಬಿಡುವ ರೈತ ಮಕ್ಕಳ ಕಷ್ಟ ಕಣ್ಣಾರೆ ಗೊತ್ತಿತ್ತು. 1957ರ ಅಕ್ಟೋಬರಿನಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕ ಶಿಕ್ಷಣದ ವಿಷಯದಲ್ಲಿ ಬೆಚ್ಚಿ ಎದ್ದಿತು. 1958ರ ಸೆಪ್ಟೆಂಬರ್ 2ರಂದು ಅಂಕಿತವಾದ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಯ ಎರಡನೇ ಭಾಗವಾಗಿ ಸಾಲದ ಯೋಜನೆ ಬಂತು. ವರ್ಷಕ್ಕೆ 1,000 ಡಾಲರಿನವರೆಗೆ, ಒಟ್ಟು 5,000 ಡಾಲರು, ಬಡ್ಡಿ ಶೇ. 3, ಮುಂದೆ ಶಿಕ್ಷಕರಾದರೆ ಅರ್ಧದವರೆಗೆ ಮನ್ನಾ. ಯೋಜನೆ ಅವರೊಬ್ಬರದೇ ಅಲ್ಲ, ಆದರೆ ಅದಕ್ಕಾಗಿ ಮೊದಲಿನಿಂದ ಹಟ ಹಿಡಿದವರಲ್ಲಿ ಅವರು ಒಬ್ಬರು.

“ಕೋಯಾ, ಮನೆಗೆ ಬಾ” ಎಂಬ ಪತ್ರವನ್ನು ಗಂಡನೇ ಬರೆದದ್ದೇ?

ಸಹಿ ಗಂಡನದು. ಪತ್ರವನ್ನು ಹುಟ್ಟಿಸಿದವರು ಬೇರೆ.

ಹಿನ್ನೆಲೆ 1956ಕ್ಕೆ ಹೋಗುತ್ತದೆ. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಪ್ರೈಮರಿಯಲ್ಲಿ ಸೆನೆಟರ್ ಹ್ಯೂಬರ್ಟ್ ಹಂಫ್ರಿ, ರಾಜ್ಯಪಾಲ ಆರ್ವಿಲ್ ಫ್ರೀಮನ್ ಮೊದಲಾದ ಡಿಎಫ್ಎಲ್ ನಾಯಕರು ಅಡ್ಲೈ ಸ್ಟೀವನ್‌ಸನ್ ಪರ ನಿಂತರೆ, ಕೋಯಾ ಎಸ್ಟಿಸ್ ಕೆಫಾವರ್ ಪರ ನಿಂತರು. ಮಾರ್ಚಿನಲ್ಲಿ ಮಿನ್ನೆಸೋಟದ ಮತದಾರರು ಕೆಫಾವರ್ ಅವರನ್ನೇ ಗೆಲ್ಲಿಸಿದರು. ನಾಯಕರಿಗೆ ಆದ ಮುಖಭಂಗ ಮರೆಯುವಂಥದ್ದಾಗಿರಲಿಲ್ಲ.

1958ರ ಮೇ ತಿಂಗಳಲ್ಲಿ, ಪಕ್ಷದ ಕ್ಷೇತ್ರ ಸಮಾವೇಶದ ಮುನ್ನಾದಿನಗಳಲ್ಲಿ, ಆಂಡಿಯ ಹೆಸರಿನ ಪತ್ರ ಪತ್ರಿಕೆಗಳಿಗೆ ಸಿಕ್ಕಿತು. ರಾಜಕೀಯ ಬಿಟ್ಟು ಗಂಡನಿಗೂ ಮಗನಿಗೂ ಮನೆ ಮಾಡಿಕೊಡು ಎಂಬುದು ಅದರ ತಿರುಳು. ಜೊತೆಗೆ ಆಕೆಯ ಕಚೇರಿಯ ಸಹಾಯಕರೊಂದಿಗೆ ಸಂಬಂಧ ಕಲ್ಪಿಸುವ ಆರೋಪ. “ಕೋಯಾ, ಮನೆಗೆ ಬಾ” ಎಂಬ ಮಾತು ಪತ್ರಿಕೆಗಳ ತಲೆಬರಹ. ದೇಶದ ತುಂಬ ಅದೇ ಹಬ್ಬಿತು. ಪಕ್ಷದೊಳಗಿನ ಆಕೆಯ ವಿರೋಧಿಗಳು ಪತ್ರ ಸಿದ್ಧಪಡಿಸಿ ಆಂಡಿಯ ಕೈಯಿಂದ ಸಹಿ ಹಾಕಿಸಿದ್ದರು ಎಂಬುದು ಚುನಾವಣೆ ಮುಗಿದ ಮೇಲೆ ಹೊರಬಂತು. ಆಂಡಿಯ ಕುಡಿತ ಮತ್ತು ಹೊಡೆತದ ಸಂಗತಿ ಬಹಿರಂಗವಾದದ್ದು ಇನ್ನೂ ಎಷ್ಟೋ ವರ್ಷದ ನಂತರ. ಆ ಬೇಸಿಗೆಯಲ್ಲಿ ಕೋಯಾ ಅದನ್ನು ಹೇಳಲಿಲ್ಲ. ಮನೆಯ ಮಾತನ್ನು ಬೀದಿಗೆ ತರುವುದಿಲ್ಲ ಎಂದು ನಿರ್ಧರಿಸಿ ಗೋಧಿ ಬೆಲೆಯ ಬಗ್ಗೆಯೇ ಮಾತಾಡುತ್ತ ಹೋದರು.

ಹಾಗಾದರೆ ಪತ್ರದಿಂದಲೇ ಸೋತರು ಅನ್ನಬಹುದೇ?

ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಚಲಾವಣೆಯಾದದ್ದು 94 ಸಾವಿರಕ್ಕೂ ಹೆಚ್ಚು ಮತ. ಓಡಿನ್ ಲಾಂಗನ್ ಗೆದ್ದದ್ದು 1,390ರಿಂದ. ಏಳುನೂರು ಜನ ಮನಸ್ಸು ಬದಲಿಸಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು. ಅಷ್ಟು ಸಣ್ಣ ಅಂತರದಲ್ಲಿ ಯಾವ ಕಾರಣವನ್ನಾದರೂ “ಇದರಿಂದಲೇ” ಎನ್ನಬಹುದು.

ಆದರೂ ಉಳಿದ ಗಾಳಿಯೆಲ್ಲ ಕೋಯಾ ಕಡೆಗೇ ಬೀಸುತ್ತಿತ್ತು. ಅದೇ ದಿನ ಫ್ರೀಮನ್ ಮತ್ತೆ ಗೆದ್ದರು, ಡಿಎಫ್ಎಲ್‌ನ ಯೂಜೀನ್ ಮೆಕಾರ್ಥಿ ಸೆನೆಟಿಗೆ ಆಯ್ಕೆಯಾದರು, ದೇಶದಾದ್ಯಂತ ಡೆಮಾಕ್ರಟರು ಕೆಳಮನೆಯಲ್ಲಿ ನಲವತ್ತೊಂಬತ್ತರಷ್ಟು ಸ್ಥಾನ ಹೆಚ್ಚಿಸಿಕೊಂಡರು. ಆ ವರ್ಷ ಸೋತ ಏಕೈಕ ಹಾಲಿ ಡೆಮಾಕ್ರಟಿಕ್ ಸದಸ್ಯರು ಕೋಯಾ ಎಂದು ಅನೇಕರು ಬರೆಯುತ್ತಾರೆ. ರಿಪಬ್ಲಿಕನ್ನರ ಎದುರು ಸೋತ ಏಕೈಕ ಎಂದು ತಿದ್ದಿಕೊಳ್ಳಬೇಕು, ಏಕೆಂದರೆ ಆರ್ಕನ್ಸಾದ ಬ್ರೂಕ್ಸ್ ಹೇಸ್ ಅದೇ ನವೆಂಬರಿನಲ್ಲಿ ಇನ್ನೊಬ್ಬ ಡೆಮಾಕ್ರಟರ ಎದುರು ಸೋತಿದ್ದರು. ಲಾಂಗನ್ ಒಳ್ಳೆಯ ಅಭ್ಯರ್ಥಿಯೇ: ಕಿಟ್‌ಸನ್ ಕೌಂಟಿಯ ರೈತ, ಶಾಸನಸಭೆಯಲ್ಲಿ ಪಳಗಿದವರು. “ಗಂಡಸಿನ ಅಳತೆಯ ಕೆಲಸಕ್ಕೆ ದೊಡ್ಡಾಳು” ಎಂಬ ಅರ್ಥದ ಅವರ ಘೋಷಣೆ ಪತ್ರವನ್ನು ಹೆಸರಿಸದೆಯೇ ಪತ್ರದ ಕೆಲಸ ಮಾಡಿತು. ಪತ್ರ ತಕ್ಕಡಿಯನ್ನು ವಾಲಿಸಿತು, ಸರಿ. ಆದರೆ ಸ್ವಂತ ಪಕ್ಷ ಆಕೆಯ ಬೆನ್ನಿಗೆ ನಿಂತಿದ್ದರೆ ಆ ಪತ್ರವನ್ನು ನಗೆಯಲ್ಲಿ ತೇಲಿಸಿಬಿಡಬಹುದಿತ್ತು ಎಂದು ನನಗೆ ತೋರುತ್ತದೆ.

ತನಿಖೆ ನಡೆಯಲಿಲ್ಲವೇ? ಆಮೇಲೆ ಅವರು ಏನಾದರು?

ನಡೆಯಿತು. ಕೋಯಾ ಸಂಚಿನ ದೂರು ಕೊಟ್ಟರು. ಕೆಳಮನೆಯ ವಿಶೇಷ ಸಮಿತಿಯ ಮುಂದೆ ಆಂಡಿಯೂ ಸಾಕ್ಷಿ ಹೇಳಿದರು. ಕೌಟುಂಬಿಕ ಜೀವನವನ್ನು ಬಳಸಿಕೊಂಡದ್ದು ಸೋಲಿಗೆ ಒಂದು ಕಾರಣವೆಂದು ಬಹುಮತದ ಸದಸ್ಯರು ಒಪ್ಪಿದರು, ಆದರೆ ಲಾಂಗನ್ ಅವರಿಗೆ ಅದರಲ್ಲಿ ಕೈಯಿತ್ತೆಂಬುದಕ್ಕೆ ಪುರಾವೆ ಸಿಗಲಿಲ್ಲ. ಫಲಿತಾಂಶ ನಿಂತಿತು. 1960ರಲ್ಲಿ ಕೋಯಾ ಮತ್ತೆ ಪ್ರೈಮರಿ ಗೆದ್ದು ಲಾಂಗನ್ ಎದುರು ಮತ್ತೆ ಸೋತರು, 1961ರಿಂದ ನಾಗರಿಕ ರಕ್ಷಣಾ ಇಲಾಖೆಯಲ್ಲಿ ಸುಮಾರು ಒಂದು ದಶಕ ಕೆಲಸ ಮಾಡಿದರು, 1962ರಲ್ಲಿ ವಿಚ್ಛೇದನವಾಯಿತು, 1977ರ ಉಪಚುನಾವಣೆಯಲ್ಲಿ ಇನ್ನೊಮ್ಮೆ ಪ್ರಯತ್ನಿಸಿ ಸೋತರು, 1996ರಲ್ಲಿ ತೀರಿಕೊಂಡರು. ಮಿನ್ನೆಸೋಟದಿಂದ ಎರಡನೇ ಮಹಿಳೆ, ಬೆಟ್ಟಿ ಮೆಕಾಲಮ್, ಕೆಳಮನೆಗೆ ಆಯ್ಕೆಯಾದದ್ದು 2000ದಲ್ಲಿ.

## ಕ್ಷೇತ್ರ ಅಳಿದದ್ದು

ಆ ಗಲಾಟೆಗಾಗಿಯೇ ಕ್ಷೇತ್ರವನ್ನು ರದ್ದು ಮಾಡಿದರೇ?

ಇಲ್ಲ, ಅದು ಬರಿಯ ಲೆಕ್ಕದಿಂದ ಹೋಯಿತು. ಕೆಳಮನೆಯ ಸ್ಥಾನಗಳು, 1959–63ರ ಅಲ್ಪಕಾಲ ಬಿಟ್ಟರೆ, 1913ರಿಂದ 435ಕ್ಕೆ ನಿಂತಿವೆ. ಹತ್ತು ವರ್ಷಕ್ಕೊಮ್ಮೆ ಜನಗಣತಿಯ ಮೇಲೆ ಅವನ್ನು ರಾಜ್ಯಗಳಿಗೆ ಮರುಹಂಚುತ್ತಾರೆ. 1950ರಲ್ಲಿ 29,82,483 ಇದ್ದ ಮಿನ್ನೆಸೋಟದ ಜನಸಂಖ್ಯೆ 1960ರಲ್ಲಿ 34,13,864 ಆಯಿತು, ಅಂದರೆ ಶೇ. 14.5ರ ಬೆಳವಣಿಗೆ; ದೇಶ ಬೆಳೆದದ್ದು ಶೇ. 18.5. ಬೆಳೆದರೂ ಸಾಲದಷ್ಟು ಬೆಳೆದ ರಾಜ್ಯ ಒಂದು ಸ್ಥಾನ ಕಳೆದುಕೊಂಡು ಎಂಟಕ್ಕೆ ಇಳಿಯಿತು.

ರಾಜ್ಯದೊಳಗೂ ಬೆಳವಣಿಗೆಯೆಲ್ಲ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ನಗರಗಳ ಸುತ್ತಲಿನ ಬಡಾವಣೆಗಳಲ್ಲಿತ್ತು. ಟ್ರ್ಯಾಕ್ಟರು ಮತ್ತು ಕೊಯ್ಲು ಯಂತ್ರ ಬಂದ ಮೇಲೆ ಒಂದು ಕುಟುಂಬ ಹಿಂದೆ ಮೂರು ಕುಟುಂಬಗಳು ಮಾಡುತ್ತಿದ್ದಷ್ಟು ನೆಲವನ್ನು ಮಾಡುತ್ತಿತ್ತು. ಉಳಿದ ಎರಡು ಕುಟುಂಬಗಳ ಮಕ್ಕಳು ನಗರಕ್ಕೆ ಹೋದರು. ಹಳ್ಳಿಗಾಡಿನ ಸ್ಥಾನವೊಂದು ಹೋಗಲೇಬೇಕಿತ್ತು. 1962ರ ಚುನಾವಣೆ ಎಂಟು ಕ್ಷೇತ್ರಗಳಿಗೆ ನಡೆಯಿತು, 1963ರ ಜನವರಿಯಲ್ಲಿ ಒಂಬತ್ತನೆಯದು ಮುಗಿಯಿತು. 1964ರಲ್ಲಿ ವೆಸ್‌ಬೆರಿ ಪ್ರಕರಣದ ತೀರ್ಪು ರಾಜ್ಯದೊಳಗಿನ ಕ್ಷೇತ್ರಗಳ ಜನಸಂಖ್ಯೆ ಸಾಧ್ಯವಾದಷ್ಟು ಸಮವಾಗಿರಬೇಕೆಂದು ವಿಧಿಸಿತು. ಆಗಲಾದರೂ ಅದರ ಹಳೆಯ ಗಡಿ ಉಳಿಯುತ್ತಿರಲಿಲ್ಲ.

ನಮ್ಮ ಕ್ಷೇತ್ರ ಪುನರ್ವಿಂಗಡಣೆಯೂ ಹೀಗೆಯೇ ಅಲ್ಲವೇ?

ಅರ್ಧ ಮಾತ್ರ. ಗಡಿ ಬದಲಾಗಿ ಹೆಸರು ಅಳಿಯುವುದು ನಮಗೂ ಗೊತ್ತು. 2008ರಲ್ಲಿ ಕನಕಪುರ ಲೋಕಸಭಾ ಕ್ಷೇತ್ರ ಹೋಗಿ ಬೆಂಗಳೂರು ಗ್ರಾಮಾಂತರ ಬಂತು. ಆದರೆ ಆಗ ಕರ್ನಾಟಕದ ಒಟ್ಟು ಸ್ಥಾನ 28ರಲ್ಲೇ ಉಳಿಯಿತು, ಏಕೆಂದರೆ ರಾಜ್ಯವಾರು ಹಂಚಿಕೆಯನ್ನು 1971ರ ಜನಗಣತಿಗೆ ಕಟ್ಟಿಹಾಕಿ 1976ರಲ್ಲೂ 2001ರಲ್ಲೂ ಸಂವಿಧಾನ ತಿದ್ದುಪಡಿಯಾಗಿತ್ತು. ಮಿನ್ನೆಸೋಟದಲ್ಲಿ ರಾಜ್ಯದ ಪಾಲೇ ಇಳಿಯಿತು. ಜನಸಂಖ್ಯೆ ನಿಧಾನವಾಗಿ ಬೆಳೆದ ರಾಜ್ಯಗಳ ಪಾಲು ಇಳಿಯಬೇಕೇ ಎಂದು ದಕ್ಷಿಣ ಭಾರತದಲ್ಲಿ ನಡೆಯುತ್ತಿರುವ ಚರ್ಚೆಗೆ ಹೋಲಿಕೆ ಬೇಕಾದವರು ನೋಡಬೇಕಾದದ್ದು ಈ ವ್ಯತ್ಯಾಸವನ್ನು.

ಆ ಊರುಗಳು ಈಗ ಯಾವ ಕ್ಷೇತ್ರದಲ್ಲಿವೆ?

ಬಹುಪಾಲು ಏಳನೆಯದರಲ್ಲಿ. ಲಾಂಗನ್ 1962ರಲ್ಲಿ ಹೊಸ ಏಳನೇ ಕ್ಷೇತ್ರದಿಂದ ಗೆದ್ದು 1971ರವರೆಗೆ ಇದ್ದರು. ಅವರನ್ನು ಸೋಲಿಸಿದ ರೋಜೋದ ರೈತ ಬಾಬ್ ಬರ್ಗ್‌ಲಂಡ್ 1977ರಲ್ಲಿ ಕಾರ್ಟರ್ ಸರ್ಕಾರದ ಕೃಷಿ ಕಾರ್ಯದರ್ಶಿಯಾದರು. ಕೋಯಾ ನಿಂತ ಆ ಉಪಚುನಾವಣೆ ನಡೆದದ್ದು ಬರ್ಗ್‌ಲಂಡ್ ತೆರವು ಮಾಡಿದ ಸ್ಥಾನಕ್ಕೇ. ಮುಂದೆ 1991ರಿಂದ 2021ರವರೆಗೆ ಕಾಲಿನ್ ಪೀಟರ್‌ಸನ್ ಪ್ರತಿನಿಧಿಸಿದರು. ಅವರು ಕೆಳಮನೆಯ ಕೃಷಿ ಸಮಿತಿಯ ಅಧ್ಯಕ್ಷರಾಗಿದ್ದವರು.

ಹಳೆಯ ಫಲಿತಾಂಶಗಳನ್ನು ಇಂದಿನವುಗಳ ಜೊತೆ ಹೋಲಿಸಬಹುದೇ?

ಕ್ಷೇತ್ರದ ಸಂಖ್ಯೆ ಹಿಡಿದು ಹೋಲಿಸಬಾರದು, ಕೌಂಟಿ ಹಿಡಿದು ಹೋಲಿಸಬೇಕು. ಇಂದಿನ ಏಳನೇ ಕ್ಷೇತ್ರ ರಾಜ್ಯದ ಪಶ್ಚಿಮದಂಚಿನ ಉದ್ದಕ್ಕೂ ದಕ್ಷಿಣಕ್ಕೆ ಬಹು ದೂರ ಚಾಚಿದೆ. ಹಳೆಯ ಒಂಬತ್ತನೆಯದು ಅದರ ಮೇಲಿನ ತುದಿ ಮಾತ್ರ. ಪಕ್ಷದ ಹೆಸರೂ ಮೋಸ ಮಾಡುತ್ತದೆ: 1942ರ ಹೇಗನ್ ಮತಗಳನ್ನು “ರೈತ-ಕಾರ್ಮಿಕ” ಎಂದೂ 1944ರ ಮತಗಳನ್ನು “ರಿಪಬ್ಲಿಕನ್” ಎಂದೂ ಪಟ್ಟಿ ಮಾಡಿದರೆ ಜನರೇ ಬದಲಾದಂತೆ ಕಾಣುತ್ತದೆ, ಬದಲಾದದ್ದು ಮತಪತ್ರದ ಮೇಲಿನ ಪದ. 1932ರ ಸಾಲನ್ನು ಪೂರ್ತಿ ಬಿಟ್ಟುಬಿಡುವುದು ಲೇಸು.

ಒಂಬತ್ತನೇ ಕ್ಷೇತ್ರ ಮತ್ತೆ ಬರುವ ಸಾಧ್ಯತೆ ಇದೆಯೇ?

ಸದ್ಯದ ಲೆಕ್ಕ ಎದುರು ದಿಕ್ಕಿನಲ್ಲಿದೆ. 2020ರ ಜನಗಣತಿಯಲ್ಲಿ 435ನೆಯ, ಅಂದರೆ ಕಟ್ಟಕಡೆಯ ಸ್ಥಾನ ಸಿಕ್ಕಿದ್ದು ಮಿನ್ನೆಸೋಟಕ್ಕೆ. ನ್ಯೂಯಾರ್ಕ್ ರಾಜ್ಯದಲ್ಲಿ ಇನ್ನು 89 ಜನ ಹೆಚ್ಚು ಎಣಿಕೆಯಾಗಿದ್ದರೆ ಆ ಸ್ಥಾನ ಅಲ್ಲಿಗೆ ಹೋಗುತ್ತಿತ್ತು, ಎಂಟನೆಯದೂ ಒಂಬತ್ತನೆಯದರ ದಾರಿ ಹಿಡಿಯುತ್ತಿತ್ತು.